ಅರ್ಧ ಕನ್ನಡದ ಊರಲ್ಲಿ ಮಾತ್ರೆ ಹುಡುಕಿಕೊಂಡು

ತಿರುಪ್ಪೂರು

"ತಮಿಳು ಏನು ಮಹಾ, ಅರ್ಧ ಕನ್ನಡಾನೇ. ಕಿವಿಗೊಟ್ಟು ಕೇಳಿದರೆ ತಾನಾಗೇ ತಿಳೀತೈತೆ" ಎಂದು ಧೈರ್ಯ ಹೇಳಿ ನಮ್ಮ ಯಜಮಾನರು ನನ್ನನ್ನು ದಾವಣಗೆರೆಯಲ್ಲಿ ರೈಲು ಹತ್ತಿಸಿದರು. ತಾವು ಮಾತ್ರ ಜೊತೆಗೆ ಬರಲಿಲ್ಲ. ಹರಿಹರ ದಾಟಿದರೆ ಅವರಿಗೆ ನೀರು ಹಿಡಿಸುವುದಿಲ್ಲ. ಜನ ಲಂಡನ್ನು, ಸಿಂಗಪುರ ನೋಡಿಕೊಂಡು ಬಂದು ಪ್ರವಾಸ ಬರೆಯುತ್ತಾರೆ. ನಾನು ಕಂಡ ಪರದೇಶ ಇದೊಂದೇ, ಕೊಯಮತ್ತೂರು ಜಿಲ್ಲೆ. ಅದು ಎಂಬತ್ತರ ದಶಕ. ತಿರುಪ್ಪೂರು ಆಗ ಆ ಜಿಲ್ಲೆಯೊಳಗೇ ಇತ್ತು.

ಹೋಗಿದ್ದು ಊರು ನೋಡುವುದಕ್ಕಲ್ಲ. ನನ್ನ ತಂಗಿ ರೇಣುಕಾ ಅಲ್ಲಿದ್ದಳು. ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಕೆಲಸ ಹೋದ ಮೇಲೆ ಅವಳ ಗಂಡ ಮಹಾದೇವ ಬನಿಯನ್ ಹೊಲಿಯುವ ಕಾರ್ಖಾನೆ ಹುಡುಕಿಕೊಂಡು ತಿರುಪ್ಪೂರು ಸೇರಿದ್ದ. ಯುಗಾದಿಗೆ ಒಬ್ಬನೇ ಊರಿಗೆ ಬಂದವನು ಹೋಳಿಗೆ ಮುಂದಿಟ್ಟುಕೊಂಡು ಅತ್ತುಬಿಟ್ಟ. ರೇಣುಕಾಗೆ ಕ್ಷಯ. ಸರ್ಕಾರಿ ಕೇಂದ್ರದಲ್ಲಿ ಮಾತ್ರೆ ಶುರು ಮಾಡಿ, ಈಗ ನಿಂತೇಹೋಗಿದೆ.

"ಯಾಕೆ ನಿಂತಿತೋ?" ಎಂದೆ.

"ಅವರು ಕೊಟ್ಟರೆ ತಾನೇ ಅಕ್ಕಾ? ಒಂದು ತಿಂಗಳು ಕೊಡ್ತಾರೆ, ಒಂದು ತಿಂಗಳು ಇಲ್ಲ ಅಂತಾರೆ. ಆಮೇಲೆ ನೀನೇ ಬಿಟ್ಟೀ ಅಂತ ಆಕಿಗೇ ಬೈತಾರೆ."

ನನಗೆ ಮೈಯೆಲ್ಲ ಉರಿದುಹೋಯಿತು. ಪ್ರೈಮರಿ ಸ್ಕೂಲ್ ಟೀಚರು ನಾನು, ಅರವತ್ತು ಮಕ್ಕಳ ಕ್ಲಾಸು ಸುಮ್ಮನಾಗಿಸುವವಳು. ಒಂದು ಮಾತ್ರೆ ಕೌಂಟರು ನನಗೆ ಎಷ್ಟರದು ಎಂದುಕೊಂಡು ರಜ ಹಾಕಿ ಹೊರಟೆ.

ತಿರುಪ್ಪೂರಿನಲ್ಲಿ ಇಳಿದಾಗ ಬೆಳಗಾಗಿತ್ತು. ಊರಿನ ಗಾಳಿಯಲ್ಲೇ ಹತ್ತಿ ಇತ್ತು. ಸೈಕಲ್ ಮೇಲೆ, ಲಾರಿ ಮೇಲೆ, ಹೆಂಗಸರ ತಲೆ ಮೇಲೆ ಬರೀ ಬನಿಯನ್ ಕಟ್ಟು. ರೇಣುಕಾಳ ಬಾಡಿಗೆ ಮನೆ ಇದ್ದದ್ದು ಹತ್ತಿರದ ಪಲ್ಲಡಂನಲ್ಲಿ. ಬಸ್ ನಿಲ್ದಾಣದಲ್ಲಿ ಒಬ್ಬ ಹಿರಿಯರನ್ನು ಪಲ್ಲಡಂ ಬಸ್ಸು ಎಲ್ಲಿ ಎಂದು ಕೇಳಿದೆ. ಕೈ ಬೀಸಿ, "ಅಂಗೆ ನಿಲ್ಲುಂಗೊ" ಎಂದರು. ಹಂಗೇ ನಿಲ್ಲಿ ಎಂದರಲ್ಲ, ಯಜಮಾನರ ಮಾತು ಸುಳ್ಳಲ್ಲ ಎಂದುಕೊಂಡು ಬ್ಯಾಗು ಹಿಡಿದು ಹಂಗೇ ನಿಂತೆ. ಬಿಸಿಲು ಏರಿತು. ಬಸ್ಸುಗಳು ಬಂದವು, ಹೋದವು, ನನ್ನ ಹತ್ತಿರ ಒಂದೂ ನಿಲ್ಲಲಿಲ್ಲ. ಕೊನೆಗೆ ಆ ಹಿರಿಯರೇ ತಿಂಡಿ ಮುಗಿಸಿ ವಾಪಸು ಬಂದು, ನಾನು ನೆಟ್ಟ ಕಂಬದ ಹಾಗೆ ನಿಂತಿರುವುದನ್ನು ಕಂಡು, ತೋಳು ಹಿಡಿಯುವುದೊಂದು ಬಾಕಿ, ಎದುರು ಸಾಲಿಗೆ ಕರೆದುಕೊಂಡು ಹೋಗಿ ಬಿಟ್ಟರು. ಅಂಗೆ ಎಂದರೆ ತಮಿಳಿನಲ್ಲಿ "ಅಲ್ಲಿ" ಎಂದಂತೆ! ಮನೆಯಲ್ಲಿ ಕೂತು ಅರ್ಧ ಕನ್ನಡ ಎಂದು ಹೇಳುವವರಿಗೇನು ಕಷ್ಟ?

ಪಲ್ಲಡಂ

ಪಲ್ಲಡಂ ಬರುವ ಮೊದಲೇ ಕೋಳಿ ಫಾರಂ ವಾಸನೆ ಬಂತು, ಆಮೇಲೆ ಮಗ್ಗದ ಸದ್ದು. ಎರಡೂ ನಾನಿರುವ ತನಕ ಬಿಡಲಿಲ್ಲ. ಒಂದೇ ಸೂರಿನಡಿ ಸಾಲಾಗಿ ಕಟ್ಟಿದ ಲೈನು ಮನೆಗಳಲ್ಲಿ ಒಂದು ರೇಣುಕಾದು. ಬಾಗಿಲು ತೆರೆದವಳನ್ನು ನೋಡಿ ನಾನು, "ರೇಣುಕಾ ಇದ್ದಾಳೇನಮ್ಮಾ?" ಎಂದು ಕೇಳುವುದರಲ್ಲಿದ್ದೆ. ಕೊರಳ ಮೂಳೆ ಎದ್ದು ಕಾಣುತ್ತಿತ್ತು. ಮದುವೆಯ ಬಳೆಗಳು ಮೊಣಕೈ ತನಕ ಜಾರುತ್ತಿದ್ದವು.

"ಏನೇ ಇದು, ಏನಾಗಿಬಿಟ್ಟಿದ್ದೀ!" ಎಂದು ಒದರಿದೆ.

ಅವಳು ಬಾಯಿಗೆ ಕೈ ಅಡ್ಡ ಇಟ್ಟಳು. "ಮೆಲ್ಲಗೆ ಅಕ್ಕಾ. ಪಕ್ಕದ ಮನೇರಿಗೆ ಗೊತ್ತಿಲ್ಲ."

ಪಕ್ಕದ ಮನೆಯೆಂದರೆ ಮನೆ ಮಾಲೀಕರದೇ. ಸೌಡಮ್ಮ ಅಂತ, ಅಜ್ಜ ಮುತ್ತಜ್ಜನ ಕಾಲದಿಂದ ಅಲ್ಲೇ ನೇಯ್ದುಕೊಂಡು ಬಂದ ಕನ್ನಡದವರು. ಹಿಂದೆ ಕೈಮಗ್ಗ, ಈಗ ಪವರ್ ಲೂಮು. ಕಾಯಿಲೆ ಗೊತ್ತಾದರೆ ಮನೆ ಬಿಡಿಸುತ್ತಾರೆ ಎಂಬ ಹೆದರಿಕೆಗೆ ನನ್ನ ತಂಗಿ ಕೆಮ್ಮು ಬಂದಾಗಲೆಲ್ಲ ದಿಂಬಿಗೆ ಮುಖ ಒತ್ತುತ್ತಿದ್ದಳಂತೆ. ಮಾತನ್ನೂ ಪಿಸುಗುಟ್ಟಿಯೇ ಆಡುತ್ತಿದ್ದಳು. ಚಿಕ್ಕವಳಿದ್ದಾಗ ಓಣಿಯ ಈ ತುದಿಯಿಂದ ಆ ತುದಿಗೆ ಕೂಗುತ್ತಿದ್ದ ಹುಡುಗಿ ಇದು!

ಸೌಡಮ್ಮ ಸಂಜೆಗೇ ನನ್ನನ್ನು ವಿಚಾರಿಸಿಕೊಳ್ಳಲು ಬಂದರು. ಮೂಗಿನ ಎರಡೂ ಕಡೆ ಮೂಗುಬೊಟ್ಟು, ಬಾಯಿತುಂಬ ಮಾತು.

"ಎಪ್ಪೋ ಬಂದ್ರಿ ಟೀಚರಕ್ಕಾ? ಸಾಪಾಡು ಆಯ್ತಾ? ನಿಮ್ಮ ತಂಗಿ ಉಡಂಬು, ಮೈಕಟ್ಟು ಯಾಕೋ ಇಳ್ದೋಯ್ತು ನೋಡಿ. ಆನಾ ನಾನ್ ಕೇಳಿದ್ರೆ ಒಣ್ಣೂ ಇಲ್ಲೆ, ಏನೂ ಇಲ್ಲ ಅಂತಾಳೆ."

"ಹೊಟ್ಟೆನೋವು. ನಮ್ಮ ಮನೆತನದಲ್ಲೇ ಐತಿ" ಎಂದೆ ನಾನು. ನನ್ನ ಹೊಟ್ಟೆ ಕಲ್ಲು ಹಾಕಿದರೂ ಅರಗಿಸುತ್ತದೆ.

ಆಕೆಯ ಕನ್ನಡದಲ್ಲಿ ಪ್ರತಿ ಮೂರನೆಯ ಮಾತು ತಮಿಳು. ರಾಗವಂತೂ ಪೂರಾ ತಮಿಳಿನದೇ. ಬ್ಯಾಗಿನಲ್ಲಿದ್ದ ಕನ್ನಡ ವಾರಪತ್ರಿಕೆ ಕೊಡಹೋದರೆ ತಿರುಗಿಸಿ ಮುರುಗಿಸಿ ನೋಡಿ, "ನಮ್ಗೆ ಮಾತು ಬರ್ತದೆ, ಎಳುತ್ತು ಬರೋಲ್ಲ" ಎಂದು ಮಡಿಸಿ ವಾಪಸು ಕೊಟ್ಟರು. ಕನ್ನಡ ಅಕ್ಷರ ಆ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ಮಕ್ಕಳು ಕಲಿಯುವುದು ತಮಿಳು ಶಾಲೆಯಲ್ಲಿ.

ಶನಿವಾರ, ಚಿಕಿತ್ಸಾ ಕೇಂದ್ರ

ಕೇಂದ್ರ ಯಾವ ಊರಿನಲ್ಲಿತ್ತು ಎಂದು ಬರೆಯುವುದಿಲ್ಲ, ಅಲ್ಲಿಯವರಿಗೂ ಹೆಂಡತಿ ಮಕ್ಕಳಿದ್ದಾರೆ. ಬಸ್ಸಿನಲ್ಲಿ ಹೋಗಬೇಕು. ಇಳಿದ ಮೇಲೆ ಬೇಲಿಗಿಡದ ಪಕ್ಕದಲ್ಲಿ ನಡೆಯಬೇಕು. ಕೆಮ್ಮುವವರ ಆಸ್ಪತ್ರೆಯನ್ನು ಧೂಳಿನ ರಸ್ತೆಯ ತುದಿಗೇ ಯಾಕೆ ಕಟ್ಟುತ್ತಾರೋ, ನಮ್ಮ ಕಡೆಯೂ ಹಾಗೇ. ಇದೊಂದರಲ್ಲಿ ಎರಡು ರಾಜ್ಯಕ್ಕೂ ವ್ಯತ್ಯಾಸ ಕಾಣಲಿಲ್ಲ.

ಜಗಲಿಯ ಗೋಡೆಗೆ ಒಂದು ಕನ್ನಡ ಪೋಸ್ಟರು ಅಂಟಿಸಿದ್ದರು. ಕಂಡ ಕೂಡಲೇ ಜೀವ ತಣ್ಣಗಾಯಿತು. ಹತ್ತಿರ ಹೋಗಿ ನೋಡಿದರೆ ತಲೆಕೆಳಗು! "ಎರಡು ವಾರ ಮೀರಿದ ಕೆಮ್ಮೇ? ಕಫ ಪರೀಕ್ಷೆ ಮಾಡಿಸಿ" ಎಂಬುದನ್ನು ಕತ್ತು ಸೊಟ್ಟ ಮಾಡಿಕೊಂಡು ಓದಿದೆ. ಗುಡಿಸುತ್ತಿದ್ದ ಆಯಾಗೆ ಸನ್ನೆಯಲ್ಲಿ ತೋರಿಸಿದೆ. ಆಕೆ ಪೋಸ್ಟರನ್ನು ನೋಡಿದಳು, ನನ್ನನ್ನು ನೋಡಿದಳು, ಅಂಟಿಸಿದ ಒಂದು ಮೂಲೆ ಎದ್ದಿದೆ ಎಂದುಕೊಂಡು ಅದನ್ನು ಇನ್ನಷ್ಟು ಗಟ್ಟಿಯಾಗಿ ಒತ್ತಿ ಹೋದಳು.

ಸಾಲಿನಲ್ಲಿ ನಿಂತಾಗ ಒಬ್ಬ ನೌಕರ ರೇಣುಕಾಳನ್ನು, "ಸಳಿ ಇರುಕ್ಕಾ?" ಎಂದ. "ಚಳಿ ಎಲ್ಲಿಂದಪ್ಪಾ, ಬೇಯ್ತಾ ಇದ್ದೀವಿ" ಎಂದು ನಾನೇ ಉತ್ತರ ಕೊಟ್ಟು ಸೆರಗಿನಿಂದ ಗಾಳಿ ಬೀಸಿಕೊಂಡು ತೋರಿಸಿದೆ. ಆತ ನಮ್ಮನ್ನು ಬೇರೆ ಸಾಲಿಗೆ ಕಳಿಸಿದ. ಅದು ಹಲ್ಲಿನ ಸಾಲು. ಸಳಿ ಎಂದರೆ ಕಫ ಎಂದು ಗೊತ್ತಾಗುವ ಹೊತ್ತಿಗೆ ಹಲ್ಲಿನ ಡಾಕ್ಟರು ನನ್ನ ಬಾಯಿಯನ್ನೇ ತೆರೆಸಿ ನೋಡಿಯಾಗಿತ್ತು.

ಕ್ಷಯದ ಡಾಕ್ಟರು ವಯಸ್ಸಾದವರು, ಮರ್ಯಾದಸ್ಥರು. ನನ್ನ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದರು. ರೇಣುಕಾಳ ಬೆನ್ನಿಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಇವರು ಮೊದಲಿನಿಂದ ಶುರು ಮಾಡಬೇಕು. ಹೀಗೆ ತಗೊಳ್ಳುವುದು, ಬಿಡುವುದು ಮಾಡುತ್ತಾ ಇದ್ದರೆ ಮುಂದೆ ಯಾವ ಮಾತ್ರೆಯೂ ಕೇಳುವುದಿಲ್ಲ. ಇನ್ನೊಂದು ಸಲ ಬಿಟ್ಟರೆ ನನ್ನ ಕೈಯಲ್ಲಿ ಏನೂ ಇಲ್ಲ."

"ಅವಳು ಬಿಟ್ಟಿದ್ದಲ್ಲ ಸಾರ್, ನೀವು ಕೊಡಲಿಲ್ಲ."

ಅವರು ನಕ್ಕರು. ಎದ್ದು ಗೋಡೆಯ ಮೇಲಿನ ನಕ್ಷೆಯ ಹತ್ತಿರ ಕರೆದುಕೊಂಡು ಹೋದರು. ನಕ್ಷೆ ಚೆನ್ನಾಗಿತ್ತು, ಬಣ್ಣ ಬಣ್ಣದ ಗೆರೆಗಳು. ಈ ಕಡೆಯ ಹಳ್ಳಿಗಳಲ್ಲಿ ರೋಗಿಗಳು ವರ್ಷ ವರ್ಷಕ್ಕೆ ಎಷ್ಟು, ಚಿಕಿತ್ಸೆ ಮುಗಿಸಿದವರು ಎಷ್ಟು, ನಡುವೆ ಬಿಟ್ಟವರು ಎಷ್ಟು ಎಂದೆಲ್ಲ. ತೊಂಡಾಮುತ್ತೂರಿನ ಕಡೆ ಬೆಟ್ಟದ ತಪ್ಪಲಿನ ರೈತರು ಪರವಾಗಿಲ್ಲವಂತೆ, ದೂರವಾದರೂ ಬಂದು ಮುಗಿಸುತ್ತಾರೆ. ಮಗ್ಗದವರು, ಗಿರಣಿಯವರು ಪಾಳಿ ತಪ್ಪುತ್ತದೆಂದು ಸ್ವಲ್ಪ ಹಿಂದೆ. ಎಲ್ಲಕ್ಕಿಂತ ಕೆಳಗೆ ಜಾರಿದ ಒಂದು ಕೆಂಪು ಗೆರೆಯ ಮೇಲೆ ಪೆನ್ನು ಇಟ್ಟರು.

"ಇದು ನಿಮ್ಮವರು, ಕರ್ನಾಟಕದಿಂದ ಕೆಲಸಕ್ಕೆ ಬಂದವರು. ಒಂದೆರಡು ಸಲ ಬರುತ್ತಾರೆ, ಆಮೇಲೆ ಕಾಣೆ. ಮತ್ತೆ ತಿಂಗಳಾದ ಮೇಲೆ ಬಂದು ನಿಲ್ಲುತ್ತಾರೆ. ನಿಮ್ಮ ಜನಕ್ಕೆ ಶಿಸ್ತು ಕಡಿಮೆ. ನಾನು ಇದರ ಮೇಲೆ ಒಂದು ವರದಿಯನ್ನೇ ಬರೆದಿದ್ದೇನೆ."

ನಮ್ಮ ಜನಕ್ಕೆ ಶಿಸ್ತು ಕಡಿಮೆಯಂತೆ! ಕೋಪ ನೆತ್ತಿಗೇರಿತು. ಆದರೆ ತಂಗಿಯ ಜೀವ ಆ ಮನುಷ್ಯನ ಕೈಯಲ್ಲಿತ್ತು, ಹಲ್ಲು ಕಚ್ಚಿಕೊಂಡೆ. ರೇಣುಕಾ ಡಬ್ಬಿಗೆ ಕಫ ಕೊಟ್ಟಳು. ಪರೀಕ್ಷೆ ನೋಡಿ ಮಾತ್ರೆ ಕೊಡುತ್ತಾರೆ, ಯಾವಾಗ ಎಂದು ಕೌಂಟರಿನಲ್ಲಿ ಕೇಳಿ ಎಂದು ಡಾಕ್ಟರು ಎದ್ದರು. ಶನಿವಾರ ಅವರಿಗೆ ಅರ್ಧ ದಿನ.

ಕೌಂಟರಿನವನು ತಲೆ ಎತ್ತಲಿಲ್ಲ. "ರಿಸಲ್ಟು, ಮಾತ್ತಿರೆ ಎಲ್ಲಾಮೇ ತಿಂಗಳ್ ವಾಂಗೊ."

ಇದನ್ನು ತಿಳಿಯಲು ತಮಿಳು ಬೇಕೇ? ತಿಂಗಳು, ವಾಂಗೊ. ತಿಂಗಳು ಬಿಟ್ಟು ಬನ್ನಿ!

"ನೋಡಿದ್ಯಾ ಅಕ್ಕಾ?" ಎಂದಳು ರೇಣುಕಾ ಪಿಸುದನಿಯಲ್ಲಿ. "ನನಗೂ ಪ್ರತಿ ಸಲ ಇದೇ ಮಾತು. ಸ್ಟಾಕ್ ಇಲ್ಲ, ತಿಂಗಳು ಬಾ ಅಂತಾರೆ. ತಿಂಗಳು ಬಿಟ್ಟು ಬಂದರೆ ಎಲ್ಲಿ ಹಾಳಾಗಿ ಹೋಗಿದ್ದೆ ಅಂತ ಒದರ್ತಾರೆ."

"ಏನ್ರೀ, ಒಂದು ತಿಂಗಳು? ಮನುಷ್ಯರೇನ್ರೀ ನೀವು? ಹುಡುಗಿ ಉಳೀಬೇಕೋ ಬ್ಯಾಡೋ?" ಎಂದು ನಾನು ಕೌಂಟರಿನ ಕಟ್ಟೆ ಬಡಿದೆ. ಆತ ಬೆಚ್ಚಿಬಿದ್ದು, "ಆಮಾಂಗಮ್ಮಾ, ತಿಂಗಳ್, ತಿಂಗಳ್" ಎಂದು ಸಮಾಧಾನ ಮಾಡುವ ದನಿಯಲ್ಲಿ ಹೇಳಿದ. ನಾನು ಇನ್ನೂ ಕೆರಳಿದೆ. ಆತ ಇನ್ನೂ ನಯವಾಗಿ ಅದನ್ನೇ ಹೇಳಿದ. ಕೊನೆಗೆ ಕಿಟಕಿ ಮುಚ್ಚಿದ.

ಭಾನುವಾರ

ನಾನು ನಿರ್ಧಾರ ಮಾಡಿಬಿಟ್ಟೆ. ಇವಳನ್ನು ದಾವಣಗೆರೆಗೆ ಕರೆದುಕೊಂಡು ಹೋಗುವುದು, ಇವತ್ತೇ. ಮಹಾದೇವ ತಲೆ ತಗ್ಗಿಸಿ ಕೂತ. ಅವನು ಬಂದರೆ ಕೆಲಸ ಹೋಗುತ್ತದೆ, ಬರದಿದ್ದರೆ ಹೆಂಡತಿ ಒಂದು ಕಡೆ, ಅವನೊಂದು ಕಡೆ. ರೇಣುಕಾ ಸೀರೆ ಮಡಿಸುತ್ತಾ ಅಳುತ್ತಿದ್ದಳು. ಅಲ್ಲಿ ಹೋದರೂ ಹೊಸದಾಗಿ ಹೆಸರು ಬರೆಸಿ, ಮತ್ತೆ ಕಫ ಕೊಟ್ಟು, ಅಲ್ಲಿಯ ಸಾಲಿನಲ್ಲಿ ಮೊದಲಿನಿಂದ ನಿಲ್ಲಬೇಕು. ಅಲ್ಲಿಯ ತನಕ ಅವಳ ಎದೆ ಕಾಯುತ್ತದೆಯೋ ಇಲ್ಲವೋ ಯಾರಿಗೆ ಗೊತ್ತು? ನನಗೂ ಭಯವಿತ್ತು. ಆದರೆ ತೋರಿಸಿಕೊಂಡರೆ ಇಬ್ಬರೂ ಕುಸಿಯುತ್ತಾರೆಂದು ಎಲ್ಲರ ಮೇಲೂ ರೇಗುತ್ತಿದ್ದೆ. ಟ್ರಂಕಿನ ಚಿಲಕದ ಮೇಲೂ ರೇಗಿದೆ.

ಅಷ್ಟರಲ್ಲಿ ಸೌಡಮ್ಮ ಬಾಳೆಲೆ ಹಿಡಿದು ಬಾಗಿಲಿಗೆ ಬಂದರು.

"ಊರಿಗೆ ಪೊರಟ್ರಾ? ಸೆರಿ, ಉಣ್ಣದೆ ಹೋಗೋ ಹಂಗಿಲ್ಲ. ಇನ್ನೈಕೇ, ಇವತ್ತೇ ವಿರುಂದೂಟ ಹಾಕ್ತೀನಿ. ನಾಳೆ ತಿಂಗಳಲ್ವಾ, ನಾನ್ ಒಂದ್ ಹೊತ್ತು."

"ನಾಳೆ ಎಂಥಾ ತಿಂಗಳು ಸೌಡಮ್ಮ? ಈ ತಿಂಗಳೇ ಇನ್ನೂ ಅರ್ಧ ಐತಿ" ಎಂದೆ, ಚಿಲಕ ಗುದ್ದುತ್ತಲೇ.

"ನಾಳೆ ತಾನೇ ತಿಂಗಳು? ಶಿವನ್ ದಿವ್ಸ. ನಾನ್ ತಿಂಗಳಾ ತಿಂಗಳು ಒಪ್ಪತ್ತು ಇರ್ತೀನಿ."

"ತಿಂಗಳಿಗೊಂದು ಒಪ್ಪತ್ತು ಏನು ಮಹಾ? ನಮ್ಮಮ್ಮ ವಾರ ವಾರ ಸೋಮವಾರ ಮಾಡ್ತಿದ್ದಳು."

ಸೌಡಮ್ಮ ಗಲ್ಲಕ್ಕೆ ಬೆರಳಿಟ್ಟು ನಕ್ಕರು. "ಅಯ್ಯೋ ಟೀಚರಕ್ಕಾ, ನಾನೂ ಅದ್ನೇ ಹೇಳ್ತಿರೋದು! ನಿಮ್ಮ ಸೋಮವಾರಾನೇ ನಮ್ಮ ತಿಂಗಳು. ತಿಂಗಳ್, ಸೆವ್ವಾಯ್, ಬುದನ್..." ಎಂದು ಬೆರಳು ಮಡಿಸಿ ವಾರ ಎಣಿಸತೊಡಗಿದರು.

ನಾನು ಟ್ರಂಕಿನ ಮೇಲೆ ಕೂತುಬಿಟ್ಟೆ. ರೇಣುಕಾಳ ಕೈಯಿಂದ ಸೀರೆ ಕೆಳಗೆ ಬಿತ್ತು. ಎರಡು ದಿನ ತಡೆದು ಬನ್ನಿ ಎಂದವರ ಮಾತಿಗೆ ಈ ಹುಡುಗಿ ತಿಂಗಳುಗಟ್ಟಲೆ ಮಾತ್ರೆಯಿಲ್ಲದೆ ಕೂತಿದ್ದಳು. ಆ ಮಾತು ಪೂರಾ ತಮಿಳಾಗಿದ್ದರೆ ಯಾರನ್ನಾದರೂ ಕೇಳುತ್ತಿದ್ದಳು. ಅರ್ಧ ಕನ್ನಡವಾಗಿದ್ದೇ ಅವಳನ್ನು ತಿಂದಿದ್ದು. ಅದೇ ಕೌಂಟರಿನ ಮುಂದೆ ನಾನೂ ನಿಂತು, ಅದೇ ಕಿವಿಯಲ್ಲಿ ಕೇಳಿ, ಕಟ್ಟೆ ಬಡಿದು ಬಂದಿದ್ದೆನಲ್ಲ!

"ಹಾಗಾದರೆ ಆ ಆಸ್ಪತ್ರೆಯವನು..." ಎಂದು ಬಾಯಿ ಬಿಟ್ಟೆ. ಬಿಟ್ಟ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಎಂದ ಆಸ್ಪತ್ರಿ, ಯಾವ್ದು?" ಎಂದರು ಸೌಡಮ್ಮ. ಆಮೇಲೆ ನಮ್ಮಿಬ್ಬರ ಮುಖ ನೋಡಿ ತಾವೇ ಮುಂದುವರಿದರು. "ಅಲ್ಲಕ್ಕಾ, ಗೋಡೆ ಒಂದಿಟ್ಟಿಗೆಯದ್ದು. ದಿಂಬು ಇಟ್ರೆ ಕೆಮ್ಮು ಕೇಳಲ್ವಾ? ನಂಗೆ ಎಪ್ಪವೋ ಗೊತ್ತು. ನೀವಾಗೇ ಸೊಲ್ಲಲಿ ಅಂತ ಸುಮ್ಮೆ ಇದ್ದೆ."

ಹೀಗೆಂದು ದೇವತೆಯಂತೆ ವರ್ತಿಸಿದರು ಎಂದು ಬರೆಯಬಹುದಿತ್ತು. ಹಾಗೇನೂ ಆಗಲಿಲ್ಲ. ಊಟಕ್ಕೆ ಕೂತಾಗ ರೇಣುಕಾಗೆ ಬೇರೆ ಲೋಟ, ಅದನ್ನು ಬೇರೆ ತೊಳೆಯುವುದು, ಮೊಮ್ಮಗುವನ್ನು ಒಳಗೆ ಕಳಿಸುವುದು, ಎಲ್ಲ ನಡೆಯಿತು. ನನ್ನ ತಂಗಿ ಎಲೆ ನೋಡುತ್ತಾ ಉಂಡಳು. ಆದರೆ ಕೈ ತೊಳೆದ ಮೇಲೆ ಸೌಡಮ್ಮ, "ನಾಳೆ ನಾನೂ ಬರ್ತೀನಿ. ನಿಮ್ಮ ತಮಿಳು ನಂಬ್ಕೊಂಡು ಹೋದ್ರೆ ಇವಳು ಮುದುಕಿ ಆಗೋವರ್ಗೂ ಮಾತ್ತಿರೆ ಸಿಗೋಲ್ಲ" ಎಂದರು. ಟ್ರಂಕು ಬಿಚ್ಚಿದೆವು.

ತಿಂಗಳು

ಒಪ್ಪತ್ತಿನ ಹಸಿವಿನಲ್ಲೂ ಸೌಡಮ್ಮ ಬಸ್ಸಿನಲ್ಲಿ ಮಾತು ನಿಲ್ಲಿಸಲಿಲ್ಲ. ರೇಣುಕಾಳ ಪಕ್ಕ ಕೂರಲೂ ಇಲ್ಲ, ಮುಂದಿನ ಸೀಟಿನಿಂದ ಕತ್ತು ತಿರುಗಿಸಿ ಮಾತಾಡಿದರು. ಕೌಂಟರಿನವನು ನನ್ನನ್ನು ಕಂಡು ಕಿಟಕಿಯ ಚಿಲಕಕ್ಕೆ ಕೈ ಹಾಕಿದ. ಸೌಡಮ್ಮ ತಮಿಳಿನಲ್ಲಿ ಅವನನ್ನು ವಿಚಾರಿಸಿಕೊಂಡರು. ಏನೆಂದರೋ ಕಾಣೆ, ಆದರೆ ಕೇಳಲು ಬಹಳ ಹಿತವಾಗಿತ್ತು. ಅವನೂ ಬಿಡಲಿಲ್ಲ. ತಿಂಗಳ್ ಎಂದರೆ ತಿಂಗಳ್, ತಮಿಳುನಾಡಿನಲ್ಲಿ ಇನ್ನೇನು ಹೇಳಲಿ ಎಂಬುದು ಅವನ ವಾದವಂತೆ. ಅದೂ ನಿಜವೇ.

ಕಫದಲ್ಲಿ ರೋಗಾಣು ಇತ್ತು. ಮಾತ್ರೆಯ ಪೊಟ್ಟಣ ಸಿಕ್ಕಿತು, ಜೊತೆಗೆ ಇಂಜೆಕ್ಷನ್ನು. ನರ್ಸು ಬಾಗಿಲಲ್ಲಿ ನಿಂತು, "ಊಸಿ, ಊಸಿ ಪೋಡಣುಂ, ವಾಂಗೊ" ಎಂದು ಕೂಗಿದಳು. ಅವರ ಊಸಿ ಎಂದರೆ ನಮ್ಮ ಸೂಜಿ, ಆದರೆ ಅದು ಕನ್ನಡದ ಕಿವಿಗೆ ಏನೆಂದು ಕೇಳುತ್ತದೆಂದು ನಾನು ಬರೆಯುವುದಿಲ್ಲ. ರೇಣುಕಾ ನನ್ನ ಕಡೆ ನೋಡಿದಳು, ನಾನು ಅವಳ ಕಡೆ ನೋಡಿದೆ. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಸೂಜಿ ಚುಚ್ಚುವಾಗಲೂ ಅವಳು ನಗುತ್ತಿದ್ದಳು.

ನಾನು ಡಾಕ್ಟರ ಕೋಣೆಗೆ ಹೋಗಿ ಕೆಂಪು ಗೆರೆಯ ಮೇಲೆ ಬೆರಳಿಟ್ಟೆ. "ಶಿಸ್ತಲ್ಲ ಸಾರ್. ಸೋಮವಾರ" ಎಂದು ಎಲ್ಲ ವಿವರಿಸಿದೆ. ಅವರಿಗೆ ಮೊದಲು ನಗು ಬಂತು. ಆಮೇಲೆ ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು.

"ವರದಿ ಆಗಲೇ ಮೇಲಕ್ಕೆ ಹೋಗಿಬಿಟ್ಟಿದೆ" ಎಂದರು.

"ವಾಪಸು ತರಿಸಿ."

"ಹಾಗೆ ತರಿಸುವ ಪದ್ಧತಿ ಇಲ್ಲಮ್ಮ. ಬೇಕಾದರೆ ಕನ್ನಡದಲ್ಲಿ ಒಂದು ಬೋರ್ಡು ಹಾಕಿಸುತ್ತೇನೆ."

ತಲೆಕೆಳಗಾದ ಪೋಸ್ಟರು ಅವರ ಬಾಗಿಲಿನಿಂದಲೇ ಕಾಣುತ್ತಿತ್ತು. ನಾನು ನಮಸ್ಕಾರ ಹೇಳಿ ಹೊರಗೆ ಬಂದೆ.

ಸೌಡಮ್ಮ, ರೇಣುಕಾ ಮೆಟ್ಟಿಲ ಹತ್ತಿರ ಬೆಂಚಿನ ಮೇಲೆ ಕಾಯುತ್ತಿದ್ದರು. ಕೌಂಟರಿನ ಮುಂದೆ ಹೆಗಲಿಗೆ ಟವೆಲು ಹಾಕಿಕೊಂಡ ಒಬ್ಬ ಮನುಷ್ಯ ನಿಂತಿದ್ದ. ಕಿಟಕಿಯೊಳಗಿಂದ, "ರಿಸಲ್ಟ್ ಇನ್ನು ವರಲೇಂಗ. ಅಡುತ್ತ ತಿಂಗಳ್ ವಾಂಗೊ" ಎಂಬ ಮಾತು ಕೇಳಿತು. ಅವನು ತಲೆಯಾಡಿಸಿ, "ಆತ್ರೀ, ತಿಂಗಳಿಗೆ ಬರ್ತೀನಿ" ಎಂದು ಮೆಟ್ಟಿಲಿಳಿದು ಗೇಟಿನ ಕಡೆ ನಡೆದ.

ನಾನು ಬಾಯಿ ತೆರೆಯುವ ಮೊದಲೇ ರೇಣುಕಾ ಎದ್ದಿದ್ದಳು.

"ಅಣ್ಣಾ!" ಎಂದು ಕೂಗಿದಳು. ಆ ಮೂರು ದಿನದಲ್ಲಿ ನಾನು ಅವಳ ದನಿ ಕೇಳಿದ್ದು ಆಗಲೇ. "ಅಣ್ಣಾ, ನಿಲ್ಲು! ಸೋಮವಾರ! ತಿಂಗಳು ಅಂದ್ರೆ ಸೋಮವಾರ!"

ಆಮೇಲೆ ಕೆಮ್ಮು ಬಂತು. ದಿಂಬಿಲ್ಲ, ಸೆರಗಿಲ್ಲ, ಜಗಲಿಯ ಕಂಬ ಹಿಡಿದುಕೊಂಡು ಎಲ್ಲರ ಮುಂದೆ ಕೆಮ್ಮಿದಳು. ಸೌಡಮ್ಮ ಎದ್ದು ಬಂದು ಅವಳ ಬೆನ್ನು ನೀವಿದರು.

ಆ ಮನುಷ್ಯ ಗೇಟಿನಿಂದ ವಾಪಸು ಬಂದ. ಹರಪನಹಳ್ಳಿ ಕಡೆಯವನಂತೆ. ಸೌಡಮ್ಮನವರನ್ನು ಕೇಳಿಕೊಂಡು ನಾನು ಒಂದೊಂದೇ ಮಾತು ಬಿಡಿಸಿ ಹೇಳಿದೆ. ರಿಸಲ್ಟು ಇನ್ನೂ ಬಂದಿಲ್ಲವಂತೆ. ತಿಂಗಳ್ ಎಂದರೆ ಇವರಲ್ಲಿ ಸೋಮವಾರ, ಅಡುತ್ತ ಎಂದರೆ ಬರೋದು, ಬರುವ ಸೋಮವಾರ ನೀನು ಇಲ್ಲಿಗೆ ಬರಬೇಕು, ತಿಳಿಯಿತೇ ಎಂದೆ. ಅವನು ಟವೆಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಸುತ್ತತೊಡಗಿದ.

"ಹಂಗಾರೆ ಅಕ್ಕಾರೆ, ಹೋದ ದೀಪಾವಳಿ ಹೊತ್ತಿಗೆ ನಮ್ಮಾಕಿಗೂ ಸೋಮವಾರ ಬಾ ಅಂದಿದ್ರೇನು?"

"ನಿಮ್ಮಾಕಿ ಎಲ್ಲಿ ಅಣ್ಣಾ, ಬರಲಿಲ್ಲೇನು?" ಎಂದಳು ರೇಣುಕಾ.

"ಇಲ್ಲವ್ವಾ" ಎಂದ. "ಆಕಿ ಕೈಲಿ ತಿಂಗಳು ಕಾಯಾಕ ಆಗಲಿಲ್ಲ."